ವಾಟರ್‌ಲೂ ಗಾರ್ಡ್ಸ್ 28 ಮಿ.ಮೀ. ಅಳತೆಯಲ್ಲಿ: ಬಣ್ಣ, ಬೇಸ್, ದಾಳ

ವಾಟರ್‌ಲೂ ಕಾಳಗದ ಬ್ರಿಟಿಷ್ ಗಾರ್ಡ್ಸ್ (ರಾಜನ ಕಾವಲು ರೆಜಿಮೆಂಟುಗಳು) ಎಂದೊಡನೆ ಕರಡಿ ತುಪ್ಪಳದ ಎತ್ತರದ ಕಪ್ಪು ಟೋಪಿ ಕಣ್ಣ ಮುಂದೆ ಬರುತ್ತದೆ. ಮಿನಿಯೇಚರ್ ಯುದ್ಧದಾಟಕ್ಕೆ, ಅಂದರೆ ಸುಮಾರು 28 ಮಿ.ಮೀ. ಎತ್ತರದ ಸೈನಿಕ ಬೊಂಬೆಗಳಿಗೆ ಬಣ್ಣ ಬಳಿದು ಮೇಜಿನ ಮೇಲೆ ದಾಳ ಎಸೆದು ಆಡುವ ಆಟಕ್ಕೆ, ಹೊಸದಾಗಿ ಬಂದವರು ಮೊದಲು ಎಡವುವುದೂ ಇಲ್ಲೇ. 1815ರ ಜೂನ್ 18ರಂದು ಒಂದನೇ ಫುಟ್ ಗಾರ್ಡ್ಸ್ ಸೈನಿಕರ ತಲೆಯ ಮೇಲಿದ್ದದ್ದು ಉಳಿದ ಕಾಲ್ದಳದವರಂತೆ ಬೆಲ್ಜಿಕ್ ಶಾಕೋ, ಅಂದರೆ ಮುಂಭಾಗ ಮಾತ್ರ ಎತ್ತರವಾಗಿದ್ದ ಕಪ್ಪು ಟೋಪಿ. ‘ಗ್ರೆನೇಡಿಯರ್ ಗಾರ್ಡ್ಸ್’ ಎಂಬ ಬಿರುದು ಆ ರೆಜಿಮೆಂಟಿಗೆ ಸಿಕ್ಕಿದ್ದು ಕಾಳಗ ಮುಗಿದ ಮೇಲೆ, ಜುಲೈ ತಿಂಗಳಲ್ಲಿ. ರೆಜಿಮೆಂಟಿಗೆಲ್ಲ ಕರಡಿ ಟೋಪಿ ಬಂದದ್ದು ಆ ನಂತರ. ಕೋಲ್ಡ್‌ಸ್ಟ್ರೀಮ್ ಮತ್ತು ಮೂರನೇ ಗಾರ್ಡ್ಸ್ ಎಂಬ ಉಳಿದೆರಡು ಗಾರ್ಡ್ಸ್ ರೆಜಿಮೆಂಟುಗಳು ಅದಕ್ಕಾಗಿ 1830ರ ದಶಕದವರೆಗೆ ಕಾದವು.

ಎರಡನೇ ಎಡವಟ್ಟು ಆಟದ ನಿಯಮದಲ್ಲಿ. ‘ಆಯ್ದ ಪಡೆ’ ಎಂದ ಮೇಲೆ ಗುಂಡು ಹೊಡೆಯುವಾಗ ದಾಳಕ್ಕೆ ಒಂದು ಸೇರಿಸು, ಬಯೊನೆಟ್ ಹಿಡಿದು ನುಗ್ಗಿದಾಗ ಒಂದು, ಎದೆಗಾರಿಕೆಯ ಪರೀಕ್ಷೆಗೆ (ಪಡೆ ನಿಲ್ಲುತ್ತದೋ ಹಿಂದೆ ಸರಿಯುತ್ತದೋ ಎಂದು ತೀರ್ಮಾನಿಸುವ ಎಸೆತಕ್ಕೆ) ಇನ್ನೊಂದು. ಮೂರನೇ ಸುತ್ತಿನ ಹೊತ್ತಿಗೆ ಆ ಒಂದು ಬೆಟಾಲಿಯನ್ ಅರ್ಧ ಮೇಜನ್ನು ಗುಡಿಸಿ ಹಾಕಿರುತ್ತದೆ. ಗಾರ್ಡ್ಸ್ ಕೈಯಲ್ಲಿದ್ದದ್ದು ಸಾಮಾನ್ಯ ರೆಜಿಮೆಂಟಿನ ಸಿಪಾಯಿ ಹಿಡಿದಿದ್ದ ಬಂದೂಕೇ. ವ್ಯತ್ಯಾಸ ಬೇರೆ ಕಡೆ ಇತ್ತು. ಅದು ಎಲ್ಲಿತ್ತೆಂದು ತಿಳಿದರೆ ಬಣ್ಣವೂ ಸರಿಯಾಗುತ್ತದೆ, ಆಟವೂ ಸರಿಯಾಗುತ್ತದೆ.

ಬಂದೂಕು ಏನು ಮಾಡಬಲ್ಲದು

ಆ ಬಂದೂಕಿನ ಹೆಸರು ಇಂಡಿಯಾ ಪ್ಯಾಟರ್ನ್. ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಕ್ಕೆಂದು ಮಾಡಿಸಿದ ಮಾದರಿ ಅದು. 1793ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾಗಿ ಬಂದೂಕುಗಳು ಸಾಲದಾದಾಗ ಬ್ರಿಟಿಷ್ ಸರ್ಕಾರ ಅದನ್ನೇ ಕೊಂಡಿತು, ಆಮೇಲೆ ಅದನ್ನೇ ಮಾಡಿಸತೊಡಗಿತು. ಕೊಳವೆ 39 ಅಂಗುಲ. ಹಿಂದಿನ ಮಾದರಿಗಿಂತ 3 ಅಂಗುಲ ಗಿಡ್ಡ. ಕೊಳವೆಯ ಬಾಯಿ ಮುಕ್ಕಾಲು ಅಂಗುಲ, ಒಳಗೆ ಹೋಗುವ ಸೀಸದ ಗುಂಡು ಅದಕ್ಕಿಂತ ಸ್ವಲ್ಪ ಸಣ್ಣದು. ಸಡಿಲವಿದ್ದರೆ ಮಸಿ ಕಟ್ಟಿದ ಕೊಳವೆಯಲ್ಲೂ ಗುಂಡು ಬೇಗ ಇಳಿಯುತ್ತದೆ. ಆದರೆ ಹಾರುವಾಗ ಗೋಡೆಯಿಂದ ಗೋಡೆಗೆ ಬಡಿಯುತ್ತ ಬಂದು ಕೊನೆಯ ಬಡಿತ ಎತ್ತ ತಳ್ಳಿತೋ ಅತ್ತ ಹೋಗುತ್ತದೆ. ಹಾಗಾಗಿ 100 ಗಜದಾಚೆ ಒಬ್ಬನಿಗೆ ಗುರಿಯಿಟ್ಟು ಪ್ರಯೋಜನವಿಲ್ಲ, ಗುಂಪಿಗೆ ಹೊಡೆಯಬೇಕು.

ಪಳಗಿದವನು ನಿಮಿಷಕ್ಕೆ ಮೂರು ಸಲ ಹೊಡೆಯಬಲ್ಲ. ಕಾಗದದ ತೋಟೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿಯಬೇಕು, ಚಿಟಿಕೆ ಮದ್ದನ್ನು ಕೊಳವೆಯ ಬುಡದ ಪಕ್ಕದಲ್ಲಿರುವ ಪುಟ್ಟ ಬಟ್ಟಲಿಗೆ ಸುರಿದು ಮುಚ್ಚಬೇಕು, ಉಳಿದ ಮದ್ದು, ಗುಂಡು, ಕಾಗದ ಎಲ್ಲವನ್ನೂ ಕೊಳವೆಗೆ ಹಾಕಿ ಗಜಕಡ್ಡಿಯಿಂದ ದೂಡಬೇಕು, ಕಡ್ಡಿಯನ್ನು ಮತ್ತೆ ಅದರ ಜಾಗಕ್ಕೆ ಸೇರಿಸಿ ಬಂದೂಕಿನ ಕುದುರೆ ಎಳೆಯಬೇಕು. ಇದರಲ್ಲಿ ಎಲ್ಲಿ ಬೇಕಾದರೂ ಕೈ ತಪ್ಪಬಹುದು. ಚಕಮಕಿ ಕಲ್ಲು ಸವೆದರೆ ಕಿಡಿ ಹುಟ್ಟುವುದಿಲ್ಲ. ಬಟ್ಟಲಿನಿಂದ ಕೊಳವೆಗೆ ಬೆಂಕಿ ಹಾಯುವ ಕಿವಿತೂತು ಮಸಿ ಕಟ್ಟಿದರೆ ಬಟ್ಟಲಿನ ಮದ್ದು ಭುಗ್ಗೆಂದರೂ ಒಳಗಿನದು ಹೊತ್ತಿಕೊಳ್ಳುವುದಿಲ್ಲ. ಗದ್ದಲದಲ್ಲಿ ತನ್ನ ಬಂದೂಕು ಹೊತ್ತಿಕೊಳ್ಳಲಿಲ್ಲ ಎಂಬುದೇ ತಿಳಿಯದೆ ಅದರ ಮೇಲೆ ಇನ್ನೊಂದು ತೋಟೆ ತುಂಬುವವರಿದ್ದರು. ಗಜಕಡ್ಡಿಯನ್ನು ಕೊಳವೆಯಲ್ಲೇ ಮರೆತು ಗುಂಡಿನ ಜೊತೆ ಹಾರಿಸಿದವನಿಗೆ ಅಲ್ಲಿಂದ ಮುಂದೆ ಉಳಿಯುವುದು ಬಯೊನೆಟ್ ಒಂದೇ.

ಹೀಗಾಗಿ ಇಡೀ ದಿನದಲ್ಲಿ ಬೆಲೆಬಾಳುವ ಸುತ್ತು ಎಂದರೆ ಮೊದಲನೆಯದು. ಸಾವಕಾಶವಾಗಿ ತುಂಬಿದ ಮದ್ದು, ಹೊಸ ಕಲ್ಲು, ಶುಭ್ರವಾದ ಕೊಳವೆ, ಕಣ್ಣಿಗೆ ಅಡ್ಡ ಬರುವ ಹೊಗೆಯೂ ಇಲ್ಲ. ಅದನ್ನು 150 ಗಜದಲ್ಲಿ ಹಾರಿಸಿಬಿಟ್ಟರೆ ಹೋಯಿತು. ಎದುರಾಳಿಯ ಸಾಲು ನಡೆದು ಬರುತ್ತಿರುವಾಗ, ಪಕ್ಕದವನು ಫಿರಂಗಿ ಗುಂಡಿಗೆ ಬಿದ್ದಿರುವಾಗ, ಬೆರಳನ್ನು ಹಿಡಿದಿಟ್ಟುಕೊಂಡು 50 ಗಜದವರೆಗೆ ಕಾಯುವುದೇ ಆಯ್ದ ಪಡೆಯ ಕಸುಬು. ವಾಟರ್‌ಲೂನಲ್ಲಿ ಜನರಲ್ ಮೇಟ್‌ಲ್ಯಾಂಡ್ ಬ್ರಿಗೇಡಿನ ಒಂದನೇ ಗಾರ್ಡ್ಸ್ ದಿಬ್ಬದ ಹಿಂದೆ ನೆಲಕ್ಕೆ ಮಲಗಿದ್ದು, ನೆಪೋಲಿಯನ್ನನ ಇಂಪೀರಿಯಲ್ ಗಾರ್ಡ್ ಹತ್ತಿರ ಬಂದ ಮೇಲೆ ಎದ್ದು ನಿಂತು ಹೊಡೆದದ್ದು ಈ ಮಾತಿಗೆ ಎಲ್ಲರಿಗೂ ಗೊತ್ತಿರುವ ಸಾಕ್ಷಿ.

ಆಯ್ದವರು ಯಾರು

ಬ್ರಿಟಿಷ್ ಬೆಟಾಲಿಯನ್‌ಗೆ ಹತ್ತು ಕಂಪನಿ, ಅಂದರೆ ತುಕಡಿ. ಎಂಟು ನಡುವಿನವು, ಎರಡು ಅಂಚಿನವು. ಬಲ ಅಂಚಿಗೆ ಗ್ರೆನೇಡಿಯರ್ ಕಂಪನಿ: ಎತ್ತರದ, ಗಟ್ಟಿಮುಟ್ಟಾದ ಆಳುಗಳು. ನೆಪೋಲಿಯನ್ ಕಾಲಕ್ಕೆ ಇವರು ಕೈಬಾಂಬ್ ಎಸೆಯುವುದು ನಿಂತು ಎಷ್ಟೋ ಕಾಲವಾಗಿತ್ತು. ಹೆಸರು ಮಾತ್ರ ಉಳಿದಿತ್ತು. ಎಡ ಅಂಚಿಗೆ ಲೈಟ್ ಕಂಪನಿ: ಚುರುಕು ಕಾಲು, ಚುರುಕು ಕಣ್ಣು, ಸಾಲಿನ ಮುಂದೆ ಚದುರಿ ನಿಂತು ಹೊಡೆಯುವ ಕೆಲಸ. 1771ರ ಹೊತ್ತಿಗೆ ಲೈಟ್ ಕಂಪನಿ ಪ್ರತಿ ಬೆಟಾಲಿಯನ್ನಿನ ಕಾಯಂ ಭಾಗವಾಗಿತ್ತು.

ಬೊಂಬೆಯ ಮೇಲೆ ಇವರನ್ನು ಗುರುತಿಸುವುದು ಎರಡು ಕಡೆ. ಟೋಪಿಯ ತುರಾಯಿ ಗ್ರೆನೇಡಿಯರಿಗೆ ಬಿಳಿ, ಲೈಟ್ ಕಂಪನಿಗೆ ಹಸಿರು, ನಡುವಿನವರಿಗೆ ಮೇಲೆ ಬಿಳಿ ಕೆಳಗೆ ಕೆಂಪು. ಭುಜದಲ್ಲಿ ಅಂಚಿನ ಕಂಪನಿಗಳಿಗೆ ಲೇಸು ಹೊಲಿದ ರೆಕ್ಕೆಯಂಥ ಪಟ್ಟಿ, ನಡುವಿನವರಿಗೆ ಕುಚ್ಚಿನ ತುದಿಯಿರುವ ಬರೀ ಪಟ್ಟಿ. ರೆಕ್ಕೆಯಿರುವ ಬೊಂಬೆಗೆ ಬಿಳಿ-ಕೆಂಪು ತುರಾಯಿ ಬಳಿದು ಸಾಲಿನ ಮಧ್ಯೆ ನಿಲ್ಲಿಸಿದರೆ ಬಲ್ಲವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಇನ್ನೊಂದು: ಬಲ, ಎಡ ಎಂಬುದು ಬೊಂಬೆಯ ಬಲ, ಎಡ. ಮೇಜಿನ ಆಚೆ ಬದಿಯಲ್ಲಿ ಕುಳಿತು ಜೋಡಿಸುವಾಗ ಇದು ತಿರುವುಮುರುವಾಗುತ್ತದೆ.

ಕಷ್ಟದ ಕೆಲಸ ಬಂದಾಗ ಹಲವು ರೆಜಿಮೆಂಟುಗಳ ಅಂಚಿನ ಕಂಪನಿಗಳನ್ನು ಬಿಡಿಸಿ ಒಟ್ಟುಗೂಡಿಸುವುದು ಸೇನಾಪತಿಗಳ ರೂಢಿ. ಕನ್ನಡ ನಾಡಿಗೆ ಇದರ ಪರಿಚಯ ಚೆನ್ನಾಗಿಯೇ ಆಯಿತು. 1799ರ ಮೇ 4ರ ಮಧ್ಯಾಹ್ನ ಬ್ರಿಟಿಷ್ ಜನರಲ್ ಡೇವಿಡ್ ಬೇರ್ಡ್ ನೇತೃತ್ವದಲ್ಲಿ ಕಾವೇರಿ ದಾಟಿ ಶ್ರೀರಂಗಪಟ್ಟಣದ ಕೋಟೆಯ ಬಿರುಕಿಗೆ ನುಗ್ಗಿದ ಪಡೆಯಲ್ಲಿ ಶಿಬಿರ ಕಾಯಲು ಉಳಿದ ರೆಜಿಮೆಂಟುಗಳಿಂದ ಆರಿಸಿದ ಹತ್ತು ಯುರೋಪಿಯನ್ ಅಂಚಿನ ಕಂಪನಿಗಳಿದ್ದವು. ಅವುಗಳ ಹಿಂದೆ 12, 33, 73, 74ನೇ ರೆಜಿಮೆಂಟುಗಳು, ಮೂರು ಪ್ರೆಸಿಡೆನ್ಸಿಗಳ ಗ್ರೆನೇಡಿಯರ್ ಸಿಪಾಯಿಗಳು, ನಿಜಾಮನ 200 ಮಂದಿ. ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು: ಒಳ್ಳೆಯ ಆಳುಗಳನ್ನು ಕಿತ್ತುಕೊಂಡ ಮೂಲ ಬೆಟಾಲಿಯನ್ ಅಷ್ಟರಮಟ್ಟಿಗೆ ಬಡವಾಗುತ್ತಿತ್ತು. ಆಟದಲ್ಲಿ ಹೆಚ್ಚಿನವರು ಈ ಬೆಲೆ ಕೊಡದೆ ಗ್ರೆನೇಡಿಯರ್ ಬೆಟಾಲಿಯನ್ನನ್ನು ಪುಕ್ಕಟೆ ಪಡೆದುಕೊಳ್ಳುತ್ತಾರೆ.

ಗಾರ್ಡ್ಸ್ ಕಥೆ ಬೇರೆ. ಅಲ್ಲಿ ಇಡೀ ರೆಜಿಮೆಂಟೇ ಆಯ್ದದ್ದು. ಅಧಿಕಾರಿಗಳಿಗೆ ಎರಡು ದರ್ಜೆ: ಗಾರ್ಡ್ಸ್‌ನಲ್ಲಿ ಕ್ಯಾಪ್ಟನ್ ಆದವನು ಉಳಿದ ಸೈನ್ಯದಲ್ಲಿ ಲೆಫ್ಟಿನೆಂಟ್ ಕರ್ನಲ್‌ಗೆ ಸಮ.

ಎಷ್ಟು ಬೊಂಬೆ, ಎಷ್ಟು ಅಗಲ

ಲೆಕ್ಕ ಸುಲಭವಾಗಲೆಂದು ಒಂದು ಬೊಂಬೆಗೆ 20 ಜನ ಎಂದಿಟ್ಟುಕೊಳ್ಳೋಣ. 600 ಜನರ ಸಾಮಾನ್ಯ ಬೆಟಾಲಿಯನ್‌ಗೆ 30 ಬೊಂಬೆ: 3 ಗ್ರೆನೇಡಿಯರ್, 3 ಲೈಟ್, 24 ನಡುವಿನವರು. 45 ಮಿ.ಮೀ. ಅಗಲ, 40 ಮಿ.ಮೀ. ಆಳದ ಬೇಸ್ (ಬೊಂಬೆಗಳನ್ನು ಅಂಟಿಸುವ ತಟ್ಟೆ) ಒಂದಕ್ಕೆ ಆರು ಬೊಂಬೆಯಂತೆ ನಾಲ್ಕು ಬೇಸ್. ಅಂಚಿನ ಕಂಪನಿಗಳಿಗೆ 25 ಮಿ.ಮೀ. ಅಗಲದ ಎರಡು ತುಂಡು, ತಲಾ ಮೂರು ಬೊಂಬೆ. ಹೀಗೆ ಬೇರೆ ಇಟ್ಟರೆ ಬೇಕಾದಾಗ ಬಿಡಿಸಿ ಮುಂದಕ್ಕೆ ಕಳಿಸಬಹುದು. ಒಟ್ಟು ಅಗಲ 230 ಮಿ.ಮೀ.

ನಿಜವಾದ ಸಾಲಿನಲ್ಲಿ ಒಬ್ಬನಿಗೆ ಸುಮಾರು 22 ಅಂಗುಲ ಜಾಗ. 600 ಜನ ಎರಡು ಸಾಲಾಗಿ ನಿಂತರೆ ಸುಮಾರು 168 ಮೀಟರ್. ಅಂದರೆ ಮೇಜಿನ ಮೇಲೆ ಒಂದು ಮಿ.ಮೀ. ಎಂದರೆ ನೆಲದ ಮೇಲೆ ಮುಕ್ಕಾಲು ಮೀಟರಿಗೆ ತುಸು ಕಡಿಮೆ. ಬಂದೂಕಿನ 100 ಮೀಟರ್ ಅಂತರ 14 ಸೆಂ.ಮೀ. ಒಳಗೇ ಮುಗಿಯುತ್ತದೆ. ಅದೇ ಲೆಕ್ಕದಲ್ಲಿ 40 ಮಿ.ಮೀ. ಆಳದ ಬೇಸ್ ಸುಮಾರು 29 ಮೀಟರ್ ಆಗುತ್ತದೆ, ನಿಜವಾದ ಸಾಲಿನ ಆಳ ಎರಡು ಮೂರು ಮೀಟರ್ ಇದ್ದೀತು. ಈ ಸುಳ್ಳನ್ನು ತಪ್ಪಿಸಲಾಗದು, ಮರೆಯಲೂಬಾರದು: ಪಡೆಗಳನ್ನು ಒಂದರ ಹಿಂದೊಂದು ನಿಲ್ಲಿಸಿದಾಗ ಮೇಜು ಹಿಂದುಗಡೆ ಬೇಗ ತುಂಬಿಹೋಗುವುದು ಇದರಿಂದಲೇ.

ಮೇಟ್‌ಲ್ಯಾಂಡ್ ಬ್ರಿಗೇಡಿನ ಎರಡು ಬೆಟಾಲಿಯನ್ನುಗಳಲ್ಲಿ ತಲಾ ಸಾವಿರದಷ್ಟು ಜನ. ಒಂದೊಂದಕ್ಕೂ 50 ಬೊಂಬೆ ಬೇಕು. ಆದರೆ ಅವರ ಲೈಟ್ ಕಂಪನಿಗಳು ದಿನದ ಬಹುಪಾಲು ಕಾಳಗದ ಬಯಲಿನಲ್ಲಿದ್ದ ಹೂಗೊಮೋಂಟ್ ಎಂಬ ತೋಟದಮನೆಯ ತೋಟದಲ್ಲಿ ಲಾರ್ಡ್ ಸಾಲ್ಟನ್ ಕೈಕೆಳಗಿದ್ದವು. ಮನೆಯನ್ನು ಕಾದದ್ದು ಮ್ಯಾಕ್‌ಡೊನೆಲ್ ಕೈಕೆಳಗಿನ ಕೋಲ್ಡ್‌ಸ್ಟ್ರೀಮ್ ಮತ್ತು ಮೂರನೇ ಗಾರ್ಡ್ಸ್‌ನ ಲೈಟ್ ಕಂಪನಿಗಳು. ಹಾಗಾಗಿ ಹಸಿರು ತುರಾಯಿಯ ಐದು ಬೊಂಬೆ ಬೇರೆ ಬೇಸಿಗೆ ಹೋಗಲಿ. ಉಳಿದ 45ಕ್ಕೆ ಅಧಿಕಾರಿ, ಬಾವುಟ, ಡ್ರಮ್ಮರ್ ಸೇರಿಸಿ 48 ಮಾಡಿದರೆ ಎಂಟು ಬೇಸ್ ಸರಿಯಾಗಿ ಕೂರುತ್ತವೆ. ಎರಡು ಸಾಲಾದರೆ 360 ಮಿ.ಮೀ. ಇಂಪೀರಿಯಲ್ ಗಾರ್ಡನ್ನು ಎದುರಿಸಿದ್ದು ನಾಲ್ಕು ಸಾಲಿನಲ್ಲಿ. ನಾಲ್ಕು ಬೇಸ್ ಹಿಂದೆ ನಾಲ್ಕು ಇಟ್ಟರೆ 180 ಮಿ.ಮೀ.

ಭಂಗಿಯ ವಿಷಯಕ್ಕೂ ಇಲ್ಲೇ ಒಂದು ಮಾತು. ಬಾಕ್ಸಿನಲ್ಲಿ ಮೊಣಕಾಲೂರಿದ ಬೊಂಬೆಗಳು ಬಂದರೆ ಅವನ್ನು ಎರಡು ಸಾಲಿನ ಮುಂಭಾಗಕ್ಕೆ ಅಂಟಿಸಬೇಡಿ. ಎರಡು ಸಾಲಿದ್ದಾಗ ಇಬ್ಬರೂ ನಿಂತೇ ಹೊಡೆಯುತ್ತಾರೆ. ಮಂಡಿಯೂರುವುದು ಕುದುರೆ ದಳ ಬಂದಾಗ ಕಟ್ಟುವ ಚೌಕದಲ್ಲಿ. ಚದುರಿ ಹೊಡೆಯುವ ಲೈಟ್ ಕಂಪನಿಗೂ ಆ ಬೊಂಬೆಗಳು ಒಪ್ಪುತ್ತವೆ.

ಬಣ್ಣ

ಅಚ್ಚಿನ ಗೆರೆಗಳನ್ನು ಚಾಕುವಿನ ಅಲಗಿನಿಂದ ಹೆರೆದು, ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ಮಾಡೆಲ್ ಸಿಮೆಂಟ್, ಲೋಹಕ್ಕೆ ಫೆವಿಕ್ವಿಕ್‌ನಂಥ ಅಂಟು. ಬೆನ್ನಚೀಲವನ್ನು ಬೇರೆಯಾಗಿ ಬಳಿದು ಆಮೇಲೆ ಅಂಟಿಸುವ ಆಸೆ ಬೇಡ. ಅಡಿಯಲ್ಲಿ ಬಣ್ಣವಿದ್ದರೆ ಅಂಟು ಹಿಡಿಯುವುದು ಬಣ್ಣವನ್ನೇ ಹೊರತು ಬೊಂಬೆಯನ್ನಲ್ಲ.

ಪ್ರೈಮರ್ ಸ್ಪ್ರೇಯನ್ನು 25 ಸೆಂ.ಮೀ. ದೂರದಿಂದ, ಎರಡು ತೆಳು ಪದರಗಳಲ್ಲಿ ಹೊಡೆಯಿರಿ. ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೈಹಾಕಬೇಡಿ. ಗಾಳಿಯ ತೇವಕ್ಕೆ ಪ್ರೈಮರ್ ಮರಳು ಮರಳಾಗಿ ಕೂರುತ್ತದೆ. ಕಪ್ಪು ಪ್ರೈಮರ್ ಮೇಲೆ ಕೆಂಪು ಬಳಿದರೆ ಕೆಂಪು ತೆಳುವಾದ ಬಣ್ಣವಾದ್ದರಿಂದ ನಾಲ್ಕು ಪದರವಾದರೂ ಮಂಕಾಗಿಯೇ ಉಳಿಯುತ್ತದೆ. ಬೂದು ಪ್ರೈಮರ್ ಮೇಲು.

ಕೋಟಿನ ಕೆಂಪು ಎಲ್ಲರಿಗೂ ಒಂದೇ ಅಲ್ಲ. ಸಾಮಾನ್ಯ ಸಿಪಾಯಿಯದು ಮಂಜಿಷ್ಠ ಬೇರಿನ ಬಣ್ಣ, ಇಟ್ಟಿಗೆ ಕೆಂಪಿಗೆ ಹತ್ತಿರ. ಅಧಿಕಾರಿ ಮತ್ತು ಸಾರ್ಜೆಂಟರದು ಕೊಚಿನಿಯಲ್ ಹುಳುವಿನಿಂದ ತೆಗೆದ ಉಜ್ವಲ ಕಡುಗೆಂಪು. ಬೆಟಾಲಿಯನ್ ಮಧ್ಯೆ ಮೂರ್ನಾಲ್ಕು ಬೊಂಬೆಗಳಿಗೆ ಈ ವ್ಯತ್ಯಾಸ ಕೊಟ್ಟರೆ ಎರಡಡಿ ದೂರದಿಂದಲೂ ಅಧಿಕಾರಿ ಎದ್ದು ಕಾಣುತ್ತಾನೆ. ಅಡಿಪದರಕ್ಕೆ ಕೆಂಪು ಬೆರೆಸಿದ ಗಾಢ ಕಂದು, ಬಟ್ಟೆಯ ನಿರಿಗೆಯ ತಗ್ಗುಗಳಲ್ಲಿ ಅದನ್ನು ಹಾಗೇ ಬಿಟ್ಟು ಉಬ್ಬಿದ ಕಡೆ ಕೆಂಪು, ಕೊನೆಗೆ ಅಂಚುಗಳಿಗೆ ಕೆಂಪಿಗೆ ಕಿತ್ತಳೆ ಬೆರೆಸಿ. ಬಿಳಿ ಬೆರೆಸಿದಿರೋ, ನಿಮ್ಮ ಗಾರ್ಡ್ಸ್ ಗುಲಾಬಿ ಕೋಟು ತೊಟ್ಟಂತೆ. ಬಣ್ಣಕ್ಕೆ ಸಮ ಪ್ರಮಾಣದ ನೀರು ಸೇರಿಸಿ ಎರಡು ಸಲ ಬಳಿಯುವುದು ಒಂದೇ ಸಲ ದಪ್ಪಗೆ ಬಳಿಯುವುದಕ್ಕಿಂತ ಎಷ್ಟೋ ವಾಸಿ.

ಎದೆಯ ಮೇಲಿನ ಅಡ್ಡಪಟ್ಟಿಗಳನ್ನು ಮೊದಲು ತೆಳು ಬೂದಿನಲ್ಲಿ ಬಳಿದು, ಎರಡೂ ಅಂಚಿಗೆ ಕೂದಲೆಳೆಯಷ್ಟು ಕಪ್ಪುಗಂದು ಗೆರೆ ಎಳೆದು, ನಡುವೆ ಮಾತ್ರ ಬಿಳಿ ಹಾಕಿ. ಆ ಗೆರೆಯಿಲ್ಲದಿದ್ದರೆ ಮೇಜಿನ ದೂರಕ್ಕೆ ಬಿಳಿ ಪಟ್ಟಿ, ಬಿಳಿ ಲೇಸು ಎಲ್ಲ ಕಲಸಿಹೋಗುತ್ತದೆ.

ಗಾರ್ಡ್ಸ್ ಗುರುತು ಇರುವುದು ಗುಂಡಿಗಳಲ್ಲಿ. ಮೂರು ರೆಜಿಮೆಂಟಿಗೂ ಕಾಲರು, ತೋಳಂಚು ನೀಲಿ. ಒಂದನೇ ಗಾರ್ಡ್ಸ್‌ಗೆ ಎದೆಯ ಗುಂಡಿ ಮತ್ತು ಲೇಸು ಸಮ ಅಂತರದಲ್ಲಿ ಒಂದೊಂದು, ಕೋಲ್ಡ್‌ಸ್ಟ್ರೀಮ್‌ಗೆ ಎರಡೆರಡು, ಮೂರನೇ ಗಾರ್ಡ್ಸ್‌ಗೆ ಮೂರು ಮೂರು. ಬೊಂಬೆಯ ಮೇಲೆ ಲೇಸು ಕೆತ್ತಿರುವ ಕ್ರಮ ನೋಡಿಯೇ ರೆಜಿಮೆಂಟು ಆರಿಸಿಕೊಳ್ಳಿ. ಕೆತ್ತಿದ್ದನ್ನು ಬಣ್ಣದಿಂದ ಬದಲಿಸಲು ಹೊರಟರೆ ಎದೆಯೆಲ್ಲ ರಾಡಿ. ಲೇಸಿಗೆ ಅತಿ ಸಣ್ಣ ಬ್ರಷ್ ಬೇಕೆಂಬುದು ತಪ್ಪು ಕಲ್ಪನೆ. ಮೂರು ಸೊನ್ನೆಯ ಬ್ರಷ್ಷಿನ ತುದಿಯಲ್ಲಿ ಬಣ್ಣ ಬೊಂಬೆ ಮುಟ್ಟುವ ಮುಂಚೆಯೇ ಒಣಗುತ್ತದೆ. ತುದಿ ಚೂಪಾಗಿರುವ ಒಂದನೇ ನಂಬರಿನ ಬ್ರಷ್ ಸಾಕು.

ಉಳಿದದ್ದನ್ನು ಬೇಗ ಹೇಳಿಬಿಡಬಹುದು. ಪ್ಯಾಂಟು ಬೂದು. ಬೆನ್ನಚೀಲ ಕಪ್ಪು, ಅದರ ಮೇಲೆ ಸುತ್ತಿದ ಬೂದು ಕಂಬಳಿ. ಊಟದ ಚೀಲ ಮಾಸಲು ಬಿಳಿ, ಮರದ ನೀರಿನ ಡಬ್ಬ ತಿಳಿನೀಲಿ. ಬಂದೂಕಿನ ಕೊಳವೆ ಹೊಳೆಯುವ ಉಕ್ಕು, ಬಂಧಗಳು ಹಿತ್ತಾಳೆ.

ಡ್ರಮ್ಮರ್ ಬಗ್ಗೆ ಮಾತ್ರ ನಿಲ್ಲಬೇಕು. ಸಾಮಾನ್ಯ ರೆಜಿಮೆಂಟಿನಲ್ಲಿ ಡ್ರಮ್ಮರ್ ಕೋಟಿಗೆ ಆ ರೆಜಿಮೆಂಟಿನ ಕಾಲರಿನ ಬಣ್ಣ: ಹಳದಿ ಕಾಲರಾದರೆ ಹಳದಿ ಕೋಟು. ಇದೇ ನಿಯಮ ಹಿಡಿದು ಗಾರ್ಡ್ಸ್ ಡ್ರಮ್ಮರಿಗೆ ನೀಲಿ ಕೋಟು ಬಳಿಯುತ್ತಾರೆ, ಅದು ತಪ್ಪು. ಗಾರ್ಡ್ಸ್ ಸೇರಿದಂತೆ ನೀಲಿ ಕಾಲರಿನ ರಾಯಲ್ ರೆಜಿಮೆಂಟುಗಳಲ್ಲಿ ಡ್ರಮ್ಮರ್ ಕೋಟು ಕೆಂಪೇ, ಮೈತುಂಬ ಲೇಸು. 33ನೇ ರೆಜಿಮೆಂಟಿನಂತೆ ಕಾಲರೇ ಕೆಂಪಾಗಿದ್ದರೆ ಡ್ರಮ್ಮರಿಗೆ ಬಿಳಿ ಕೋಟು.

ಬಾವುಟದಲ್ಲೂ ಗಾರ್ಡ್ಸ್ ತಿರುಗುಮುರುಗು. ಸಾಮಾನ್ಯ ಬೆಟಾಲಿಯನ್ನಿನ ಕಿಂಗ್ಸ್ ಕಲರ್ (ರಾಜನ ಬಾವುಟ) ಎಂದರೆ ಇಡೀ ಯೂನಿಯನ್ ಬಾವುಟ, ಅಂದರೆ ಬ್ರಿಟನ್ನಿನ ರಾಷ್ಟ್ರಧ್ವಜ, ರೆಜಿಮೆಂಟಲ್ ಕಲರ್‌ಗೆ (ರೆಜಿಮೆಂಟಿನ ಬಾವುಟಕ್ಕೆ) ಕಾಲರಿನ ಬಣ್ಣ. ಗಾರ್ಡ್ಸ್‌ನಲ್ಲಿ ಕಿಂಗ್ಸ್ ಕಲರ್ ಕಡುಗೆಂಪು, ರೆಜಿಮೆಂಟಲ್ ಕಲರ್ ಯೂನಿಯನ್. ನಿಜವಾದ ಬಾವುಟ 6 ಅಡಿ ಎತ್ತರ, ಆರೂವರೆ ಅಡಿ ಉದ್ದ, 28 ಮಿ.ಮೀ. ಬೊಂಬೆಗೆ ಸುಮಾರು 33ಕ್ಕೆ 35 ಮಿ.ಮೀ. ಅಚ್ಚು ಹಾಕಿಸಿದ ಕಾಗದಕ್ಕೆ ಒಳಗೆಲ್ಲ ತೆಳುವಾಗಿ ಫೆವಿಕಾಲ್ ಹಚ್ಚಿ ಕೋಲಿನ ಸುತ್ತ ಮಡಚಿ, ಅಂಟು ಹಸಿಯಿರುವಾಗಲೇ ಬೆರಳಿನಿಂದ ಅಲೆಯಂತೆ ಬಾಗಿಸಿ. ಒಣಗಿದ ಮೇಲೆ ಬಾಗಿಸಿದರೆ ಮಡಿಕೆಯಲ್ಲಿ ಅಚ್ಚು ಬಿರಿಯುತ್ತದೆ. ಕಾಗದದ ಬಿಳಿ ಅಂಚಿಗೆ ಬಣ್ಣ ಮುಟ್ಟಿಸಲು ಮರೆಯಬೇಡಿ. ಶ್ರೀರಂಗಪಟ್ಟಣದ ಪಡೆ ಕಟ್ಟುವವರು ಇದೇ ಬಾವುಟ ಬಳಸಬಾರದು: ಯೂನಿಯನ್ ಬಾವುಟಕ್ಕೆ ಕೆಂಪು ಓರೆಪಟ್ಟಿ ಸೇರಿದ್ದು 1801ರ ಜನವರಿಯಲ್ಲಿ. ಕೊಳವೆಯಾಕಾರದ ಸ್ಟೋವ್‌ಪೈಪ್ ಶಾಕೋ ಬಂದದ್ದೂ 1800ರಲ್ಲಿ, ಹಾಗಾಗಿ ಆ ಬೊಂಬೆಗಳೂ 1799ಕ್ಕೆ ಹೊಂದುವುದಿಲ್ಲ.

ಕೊನೆಗೆ ಮೊದಲು ಹೊಳಪಿನ ವಾರ್ನಿಷ್, ಅದರ ಮೇಲೆ ಮ್ಯಾಟ್, ಅಂದರೆ ಹೊಳಪಿಲ್ಲದ್ದು. ಬೊಂಬೆಯನ್ನು ಕೈಯಲ್ಲಿ ಎತ್ತಿದಾಗ ಮೊದಲು ಸವೆಯುವುದು ಶಾಕೋದ ಅಂಚು. ಹೊಳಪಿನ ಪದರ ಅದನ್ನು ಕಾಯುತ್ತದೆ. ಸ್ಪ್ರೇ ಮ್ಯಾಟ್ ವಾರ್ನಿಷ್ ತೇವದ ದಿನ ಹಾಲಿನಂತೆ ಮಬ್ಬಾಗುತ್ತದೆ. ಹಾಗಾದರೆ ಹೊಳಪಿನ ವಾರ್ನಿಷ್ಷನ್ನು ಬ್ರಷ್ಷಿನಿಂದ ಮತ್ತೊಮ್ಮೆ ಬಳಿದರೆ ಮಬ್ಬು ಬಹುಮಟ್ಟಿಗೆ ಹೋಗುತ್ತದೆ.

ದಾಳದಲ್ಲಿ ಆಯ್ದ ಪಡೆ

ಆರು ಮುಖದ ದಾಳದಲ್ಲಿ 5, 6 ಬಿದ್ದರೆ ಗುಂಡು ತಾಗಿತು ಎಂಬ ನಿಯಮವಿದೆಯೆನ್ನಿ. ಗಾರ್ಡ್ಸ್‌ಗೆ ಒಂದು ಸೇರಿಸಿದರೆ 4 ಕೂಡ ತಾಗುತ್ತದೆ. ಮೂರರಲ್ಲಿ ಒಂದು ತಾಗುತ್ತಿದ್ದದ್ದು ಎರಡರಲ್ಲಿ ಒಂದಾಯಿತು, ಅಂದರೆ ಸಾವುನೋವು ಒಂದೂವರೆ ಪಟ್ಟು. ಅದೇ ಬಂದೂಕು, ಅದೇ ಸಡಿಲ ಗುಂಡು. ಇಷ್ಟು ಲಾಭ ಎಲ್ಲಿಂದ ಬಂತು? ಮೊದಲ ಸುತ್ತಿಗೆ ಮಾತ್ರ, ಅದೂ ಹತ್ತಿರದಿಂದ ಹೊಡೆದಾಗ ಈ ಒಂದನ್ನು ಕೊಡಿ. ದೂರದಿಂದ ಹೊಡೆದರೆ ಆ ಲಾಭ ಕೈತಪ್ಪಲಿ. ಆಟಗಾರನೂ ಆಗ ಕಾಯುವುದನ್ನು ಕಲಿಯುತ್ತಾನೆ.

ನಿಜವಾದ ವ್ಯತ್ಯಾಸ ಎದೆಗಾರಿಕೆಯ ಪರೀಕ್ಷೆಯಲ್ಲಿ ಕಾಣಬೇಕು. ಎರಡು ದಾಳ ಎಸೆದು ಮೊತ್ತ 7 ಅಥವಾ ಹೆಚ್ಚು ಬಂದರೆ ಪಡೆ ನಿಲ್ಲುತ್ತದೆ ಎಂದಾದರೆ ಗೆಲ್ಲುವ ಸಂಭವ 58 ಶೇಕಡ. ಒಂದು ಸೇರಿಸಿದರೆ 72. ಸೋತಾಗ ಮತ್ತೊಮ್ಮೆ ಎಸೆಯಲು ಬಿಟ್ಟರೆ 83ರ ಹತ್ತಿರ. ಒಂದೇ ಪರೀಕ್ಷೆಯಲ್ಲಿ ಇದು ದೊಡ್ಡದಾಗಿ ಕಾಣದು. ಆದರೆ ಸತತ ಮೂರು ಪರೀಕ್ಷೆ ಎದುರಿಸಿ ಉಳಿಯುವ ಸಂಭವ ಸಾಮಾನ್ಯ ಪಡೆಗೆ 20 ಶೇಕಡ, ಒಂದು ಸೇರಿಸಿದ ಪಡೆಗೆ 38, ಮರು ಎಸೆತವಿದ್ದ ಪಡೆಗೆ 56. ಫಿರಂಗಿ ಗುಂಡಿನಡಿ ಹೊತ್ತುಗಟ್ಟಲೆ ನಿಂತು ಸಂಜೆಗೂ ಸಾಲು ಮುರಿಯದ ಬೆಟಾಲಿಯನ್ ಎಂದರೆ ಈ ಕೊನೆಯ ಸಂಖ್ಯೆಯೇ. ಮರು ಎಸೆತ ಕೊಟ್ಟ ಮೇಲೆ ಬಯೊನೆಟ್ ದಾಳಿಗೆ ಬೇರೆ ಲಾಭ ಬೇಡ. ಬಯೊನೆಟ್ಟುಗಳು ಒಂದಕ್ಕೊಂದು ತಾಗುವುದು ಅಪರೂಪ. ತಾಗುವ ಮುಂಚೆಯೇ ಒಂದು ಕಡೆಯವರು ಹಿಂದೆ ಸರಿಯುತ್ತಿದ್ದರು. ಅದನ್ನು ತೀರ್ಮಾನಿಸುವುದು ಎದೆಗಾರಿಕೆಯ ದಾಳವೇ.

ಅಂಚಿನ ಕಂಪನಿಗಳನ್ನು ಬಿಡಿಸಿ ಗ್ರೆನೇಡಿಯರ್ ಬೆಟಾಲಿಯನ್ ಕಟ್ಟುವ ಆಟಗಾರನಿಂದ ಬೆಲೆ ವಸೂಲಿ ಮಾಡಿ: ಮೂಲ ಬೆಟಾಲಿಯನ್ನಿನಿಂದ ಆ ಬೊಂಬೆಗಳು ನಿಜವಾಗಿಯೂ ಹೊರಡಬೇಕು. 30ರಲ್ಲಿ ಎರಡೂ ಕಂಪನಿ ಹೋದರೆ 24 ಉಳಿಯುತ್ತದೆ, ಐದರಲ್ಲಿ ಒಂದು ಪಾಲು ಬಲ ಹೋದಂತೆ.

95ನೇ ರೈಫಲ್ಸ್ ಎಂಬ ಬ್ರಿಟಿಷ್ ರೆಜಿಮೆಂಟಿನವರು ಈ ಲೆಕ್ಕಕ್ಕೆ ಸಿಗದವರು. ಅವರ ಆಯುಧವೇ ಬೇರೆ. 1800ರಲ್ಲಿ ಬಂದ ಬೇಕರ್ ರೈಫಲ್‌ನ ಕೊಳವೆಯೊಳಗೆ ಏಳು ತಿರುವು ಗೆರೆಗಳು. ಗುಂಡು ಬಿಗಿಯಾಗಿ ಕೂರುವುದರಿಂದ 200 ಗಜಕ್ಕೂ ಗುರಿ ಹಿಡಿಯಬಹುದು, ಆದರೆ ತುಂಬಲು ಹೊತ್ತು ಹಿಡಿಯುತ್ತದೆ. ಹಾಗಾಗಿ ಅಂತರ ಎರಡು ಪಟ್ಟು, ದಾಳಗಳ ಸಂಖ್ಯೆ ಅರ್ಧ. ಕೋಟು ಗಾಢ ಹಸಿರು, ಕಾಲರು ಮತ್ತು ಪಟ್ಟಿಗಳು ಕಪ್ಪು, ಬಂದೂಕಿನ ಕೊಳವೆ ಕಂದು. ಬಾವುಟವಂತೂ ಇವರಿಗೆ ಇರಲೇ ಇಲ್ಲ. ಇಬ್ಬಿಬ್ಬರಾಗಿ ಕೆಲಸ ಮಾಡುವವರು, ಒಬ್ಬ ಹೊಡೆದರೆ ಇನ್ನೊಬ್ಬ ತುಂಬಿಕೊಂಡಿರುತ್ತಾನೆ. ಆದ್ದರಿಂದ ಬೇಸಿಗೆ ಎರಡೇ ಬೊಂಬೆ, ನಡುವೆ ಧಾರಾಳ ಜಾಗ. ಕುದುರೆ ದಳ ಬಯಲಿನಲ್ಲಿ ಸಿಕ್ಕಿಸಿಕೊಂಡರೆ ಎಷ್ಟೇ ಆಯ್ದವರಾದರೂ ಚದುರಿದವರಿಗೆ ಉಳಿಗಾಲವಿಲ್ಲ. ಒಂದು ಸುತ್ತಿನಲ್ಲಿ ಓಡಿ ಸೇರಬಹುದಾದಷ್ಟು ದೂರದಲ್ಲಿ ಬೇಲಿಯೋ ಕಲ್ಲುಗೋಡೆಯೋ ಇರುವ ಕಡೆ ಮಾತ್ರ ಅವರನ್ನು ಇಳಿಸಿ.